ಜೀತ, ಮನುಷ್ಯರ ಸಾಗಾಣಿಕೆ ಮತ್ತು ನಮ್ಮ ಹಾಲಿನ ಸಂಘ

(ಬೆಳ್ಳಿ ಹಬ್ಬದ ಅಂಗವಾಗಿ ಸಂಘದ ಆವರಣದಲ್ಲಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಗಳು ನಮಗೆ ಮೊದಲು ಕೊಟ್ಟಿದ್ದ ವಿಷಯ ಹಸಿರು ಮೇವು ಮತ್ತು ಹಾಲಿನ ಗುಣಮಟ್ಟ. ಅದನ್ನು ಪಶುವೈದ್ಯರು ನಮಗಿಂತ ಚೆನ್ನಾಗಿ ಹೇಳುತ್ತಾರೆ, ಅವರು ಬಂದೂ ಇದ್ದಾರೆ. ಆದ್ದರಿಂದ ನಾವು ಬೇರೆ ವಿಷಯ ಕೇಳಿ ಪಡೆದುಕೊಂಡೆವು. ಬೆಳ್ಳಿ ಹಬ್ಬದ ದಿನ ಇದೇನು ಮನುಷ್ಯರನ್ನು ಮಾರೋದು, ಸಾಗಿಸೋದು ಅಂತ ಮಾತು ಎತ್ತಿದರಲ್ಲ ಎಂದು ಯಾರೂ ಬೇಸರ ಮಾಡಿಕೊಳ್ಳಬಾರದು. ಹೋಳಿಗೆ ಊಟ ಹೇಗೂ ಇದೆ. ಅದಕ್ಕೆ ಮುಂಚೆ ಅರ್ಧ ಗಂಟೆ ನಮ್ಮ ಮಾತು ಕೇಳಿ.

ಪತ್ರಿಕೆಯಲ್ಲಿ "ಮಾನವ ಕಳ್ಳಸಾಗಣೆ" ಎಂದು ಓದಿದರೆ ಅದು ಎಲ್ಲೋ ಬೊಂಬಾಯಿ, ಕಲ್ಕತ್ತದ ಕಥೆ ಅನ್ನಿಸುತ್ತದೆ. ಸಿನಿಮಾದಲ್ಲಿ ತೋರಿಸಿದ ಹಾಗೆ ಬಾಯಿಗೆ ಬಟ್ಟೆ ಕಟ್ಟಿ, ರಾತ್ರೋರಾತ್ರಿ ಲಾರಿಯಲ್ಲಿ ತುಂಬಿ ಒಯ್ಯುತ್ತಾರೆ ಎಂದುಕೊಳ್ಳುತ್ತೇವೆ. ಬಹಳ ಕಡೆ ಹಾಗೇನೂ ನಡೆಯೋದಿಲ್ಲ. ಹಗಲು ಹೊತ್ತಿನಲ್ಲೇ ಗೊತ್ತಿರುವ ಮನುಷ್ಯನೇ ಬರುತ್ತಾನೆ. ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಾನೆ. ಕಷ್ಟಕ್ಕೆ ಅಂತ ಒಂದಿಷ್ಟು ದುಡ್ಡು ಕೊಡುತ್ತಾನೆ. ಆಮೇಲೆ ಆ ಮನೆಯ ಒಂದು ಜೀವವನ್ನು, ಯಾರಿಗೂ ಗುರುತು ಪರಿಚಯ ಇಲ್ಲದ ಜಾಗಕ್ಕೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿಂದ ಬರುತ್ತೇನೆ ಎಂದರೆ ಬಿಡೋದಿಲ್ಲ. ಇಷ್ಟೇ ಅದರ ಹೂರಣ. ಒಪ್ಪಿಕೊಂಡೇ ಹೋದರಲ್ಲ ಎಂದು ಕೆಲವರು ವಾದ ಮಾಡುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು ಅದಕ್ಕೆ ಉತ್ತರ ಕೊಟ್ಟಿದೆ. ಮೋಸ, ಆಮಿಷ, ಬೆದರಿಕೆ, ಬಲಾತ್ಕಾರದಿಂದ ಒಬ್ಬರನ್ನು ದುಡಿಸಿಕೊಳ್ಳಲು ಅಥವಾ ಕೆಡಿಸಲು ಸಾಗಿಸಿದರೆ, ಅವರು ಒಪ್ಪಿದ್ದರೋ ಇಲ್ಲವೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಏಳು ವರ್ಷಕ್ಕೆ ಕಡಿಮೆ ಇಲ್ಲದ ಕಠಿಣ ಸಜೆ, ಮಕ್ಕಳನ್ನು ಸಾಗಿಸಿದರೆ ಹತ್ತು ವರ್ಷಕ್ಕೆ ಕಡಿಮೆ ಇಲ್ಲ, ಜೀವಾವಧಿವರೆಗೂ ಹೋಗಬಹುದು.

ಇದರ ಅಣ್ಣನೇ ಜೀತ. ಜೀತ ಎಂದರೆ ಏನು ಎಂದು ಇಲ್ಲಿ ಕೂತಿರುವ ಎಪ್ಪತ್ತು ದಾಟಿದ ಹಿರಿಯರಿಗೆ ನಾವು ಹೇಳಿಕೊಡಬೇಕಿಲ್ಲ. ದನ ಕಾಯಲು ವರ್ಷಕ್ಕೆ ಇಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಬಟ್ಟೆ ಎಂದು ಹುಡುಗನನ್ನು ಇರಿಸಿ ಹೋಗುತ್ತಿದ್ದ ಕಾಲವನ್ನು ಅವರು ಕಣ್ಣಾರೆ ಕಂಡಿದ್ದಾರೆ. ಸಂವಿಧಾನದ 23ನೇ ವಿಧಿ ಬಂದದ್ದು 1950ರಲ್ಲಿ, ಮನುಷ್ಯರ ಮಾರಾಟ ಮತ್ತು ಬಿಟ್ಟಿ ದುಡಿಮೆ ಎರಡನ್ನೂ ಒಂದೇ ಸಾಲಿನಲ್ಲಿ ಅದು ನಿಷೇಧ ಮಾಡಿತು. ಆದರೂ ಕಾಯ್ದೆ ಬರಲು ಇಪ್ಪತ್ತೈದು ವರ್ಷ ಹಿಡಿಯಿತು. ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆ 1976ರದ್ದು, ಅದು 25-10-1975ರಿಂದಲೇ ಜಾರಿ ಎಂದು ಲೆಕ್ಕ. ನಮ್ಮ ರಾಜ್ಯದಲ್ಲಿ ಆಗ ದೇವರಾಜ ಅರಸು ಅವರು ಮುಖ್ಯಮಂತ್ರಿ. ಋಣ ಪರಿಹಾರ ಕಾಯ್ದೆಯೂ ಅದೇ 1976ರಲ್ಲಿ ಬಂತು. ಅಡವಿಟ್ಟ ಕಾಸಿನ ಸರ, ಪಾತ್ರೆ ಪಡಗ ಮನೆಗೆ ವಾಪಸು ಬಂದ ಕಥೆಯನ್ನು ನಮ್ಮ ಅವ್ವಂದಿರು ಈಗಲೂ ಹೇಳುತ್ತಾರೆ.

ಆ ಜೀತದ ಕಾಯ್ದೆಯನ್ನು ನಾವು ಕನ್ನಡದಲ್ಲಿ ತರಿಸಿ ಓದಿದೆವು. ನಾವು ಓದಿರೋದು ಎಸ್ಸೆಸ್ಸೆಲ್ಸಿ, ಕಾನೂನಿನ ಭಾಷೆ ಬಾಯಿಗೆ ಸಿಗೋದಿಲ್ಲ. ನಾಲ್ಕು ಸಲ ಓದಿದ ಮೇಲೆ ತಿಳಿಯಿತು. ಮುಂಗಡ ತಗೊಂಡ ಕಾರಣಕ್ಕೆ ಒಬ್ಬ ಮನುಷ್ಯ ನಾಲ್ಕರಲ್ಲಿ ಯಾವುದಾದರೂ ಒಂದನ್ನು ಕಳೆದುಕೊಂಡಿದ್ದರೂ ಅದು ಜೀತವೇ. ಕೂಲಿ ಇಲ್ಲದೆ ಅಥವಾ ಹೆಸರಿಗೊಂದಿಷ್ಟು ಕೂಲಿಗೆ ದುಡಿಯೋದು ಒಂದು. ಬೇರೆ ಕಡೆ ಕೆಲಸಕ್ಕೆ ಹೋಗುವ ಹಾಗಿಲ್ಲ ಅನ್ನೋದು ಇನ್ನೊಂದು. ಎಲ್ಲಿಗೂ ತಿರುಗಾಡುವ ಹಾಗಿಲ್ಲ ಅನ್ನೋದು ಮೂರನೆಯದು. ನಾಲ್ಕನೆಯದು ನಮಗೆ ಬಹಳ ಆಶ್ಚರ್ಯ ತಂದಿತು. ತಾನು ದುಡಿದು ಬೆಳೆದ ಪದಾರ್ಥವನ್ನು ಮಾರುಕಟ್ಟೆ ಬೆಲೆಗೆ ಮಾರುವ ಹಕ್ಕು ಇಲ್ಲದೆ ಹೋಗುವುದು ಕೂಡ ಜೀತದ ಗುರುತು.

ಇದನ್ನು ಓದಿದಾಗ ನಮಗೆ ನೆನಪಾದದ್ದು ಈ ಸಂಘ ಆಗುವುದಕ್ಕೆ ಮುಂಚಿನ ನಮ್ಮೂರು. 2000ನೇ ಇಸವಿಗೆ ಮೊದಲು ಹಾಲು ಯಾರಿಗೆ ಹಾಕುತ್ತಿದ್ದೆವು? ಪೇಟೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ವರ್ತನೆಯವನಿಗೆ. ಅವನೇ ಎಮ್ಮೆ ಕೊಳ್ಳಲು ಮುಂಗಡ ಕೊಡುತ್ತಿದ್ದ, ಅವನೇ ಹಿಂಡಿ ಬೂಸ ತಂದು ಹಾಕುತ್ತಿದ್ದ. ಹಾಲು ಅವನಿಗೇ ಹಾಕಬೇಕು, ಅಳತೆ ಅವನದು, ರೇಟು ಅವನದು. ಯುಗಾದಿಗೆ ಲೆಕ್ಕ ನೋಡಿದರೆ ಮುಂಗಡ ಹಾಗೇ ಇರುತ್ತಿತ್ತು, ಎಮ್ಮೆ ಮಾತ್ರ ಬತ್ತಿಕೊಂಡಿರುತ್ತಿತ್ತು. ಯಾರೂ ಆಗ ಅದನ್ನು ಜೀತ ಎಂದು ಕರೆಯಲಿಲ್ಲ, ಅವನೂ ಒಳ್ಳೆಯ ಮಾತಿನ ಮನುಷ್ಯನೇ. ಆದರೆ ಆ ಹಗ್ಗ ಬಿಚ್ಚಿದ್ದು ಯಾರು ಎಂದರೆ ಈ ಸಂಘ. ಇಲ್ಲಿ ಜಿಡ್ಡು ನೋಡಿ ರೇಟು, ಎಲ್ಲರ ಎದುರಿಗೆ ಅಳತೆ, ಪಾಸ್ ಬುಕ್ಕಿನಲ್ಲಿ ಬರಹ, ಬಟವಾಡೆ ದಿನಕ್ಕೆ ದುಡ್ಡು.

ಸಹಕಾರ ಸಂಘ ಹುಟ್ಟಿದ್ದೇ ಇದಕ್ಕೆ ಅಲ್ಲವೇ? ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶಕ್ಕೇ ಮೊದಲನೆಯ ಸಂಘಗಳಲ್ಲಿ ಅದು ಒಂದು. ಬಡ್ಡಿ ವ್ಯಾಪಾರದವರ ಕೈಯಿಂದ ರೈತನನ್ನು ಬಿಡಿಸಬೇಕು ಎನ್ನುವುದೇ ಆ ಕಾಲದಲ್ಲಿ ಸಹಕಾರ ಕಟ್ಟಿದವರ ತಲೆಯಲ್ಲಿದ್ದ ಮಾತು. ಹಾಗಾಗಿ ಹಾಲಿನ ಸಂಘಕ್ಕೂ ಜೀತಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ನಾವು ಕಣಗಿನಹಾಳ ತೋರಿಸುತ್ತೇವೆ.

ಇನ್ನು ನಮ್ಮ ಜಿಲ್ಲೆಯ ಮಾತು. ನಮ್ಮ ಸಂಘ ನೋಂದಣಿ ಆದ ಅದೇ 2000ನೇ ಇಸವಿ ಜೂನ್ ತಿಂಗಳಲ್ಲಿ, ಇದೇ ಮಂಡ್ಯ ಜಿಲ್ಲೆ ಶ್ರೀರಂಗಪಟ್ಟಣ ತಾಲ್ಲೂಕು ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ ಕೂಲಿಗಳ ಕಾಲಿಗೆ ಸರಪಳಿ ಹಾಕಿ ದುಡಿಸುತ್ತಿದ್ದದ್ದು ಬಯಲಿಗೆ ಬಂತು. ಸಾಲದ ಬಾಬ್ತು, ಓಡಿಹೋಗಬಾರದು ಎಂದು ಸರಪಳಿ. ರೈತ ಸಂಘದವರು ಅಲ್ಲಿಗೆ ಹೋಗಿ ಅದನ್ನು ಹೊರಗೆ ತಂದರು. ಹಸಿರು ಶಾಲು ಹೊದ್ದವರು ಬರೀ ಕಬ್ಬಿನ ಬೆಲೆಗೆ ಹೋರಾಡಿದರು ಎಂದು ಹೇಳುವವರು ಇದನ್ನೂ ಸೇರಿಸಿ ಹೇಳಬೇಕು. ಕಾವೇರಿ ನೀರು ಹರಿಯುವ, ವಿದ್ಯುತ್ ಇರುವ, ದಿನಪತ್ರಿಕೆ ಬರುವ ಜಾಗ ಅದು, ಕಾಡಲ್ಲ. ಆಮೇಲೆ 2018ರ ಡಿಸೆಂಬರ್‌ನಲ್ಲಿ ಪಕ್ಕದ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿ ಒಂದು ಶೆಡ್ಡಿನಿಂದ 52 ಜನರನ್ನು ಪೊಲೀಸರು ಬಿಡಿಸಿದರು. ಹೆಂಗಸರು ಮಕ್ಕಳೂ ಇದ್ದರು. ಕೂಲಿ ಕೊಡಿಸುತ್ತೇವೆ ಎಂದು ಕರೆತಂದು, ಹಗಲು ಕೆಲಸಕ್ಕೆ ಒಯ್ದು, ರಾತ್ರಿ ಬೀಗ ಹಾಕುತ್ತಿದ್ದರು. ಗೋಡೆ ಹಾರಿ ತಪ್ಪಿಸಿಕೊಂಡವನೊಬ್ಬ ಸುದ್ದಿ ಮುಟ್ಟಿಸಿದ್ದರಿಂದ ಉಳಿದವರು ಬದುಕಿಕೊಂಡರು. 52 ಜನರನ್ನು ದಿನಾ ವಾಹನದಲ್ಲಿ ಕರೆದುಕೊಂಡು ಹೋಗಿ ಬರುವಾಗ ದಾರಿಯಲ್ಲಿ ಎಷ್ಟು ಊರಿನ ಜನ ನೋಡಿರಬಹುದು ಎಂದು ನಾವು ಬಹಳ ದಿನ ಯೋಚನೆ ಮಾಡಿದೆವು. ಊರ ಉಸಾಬರಿ ನಮಗ್ಯಾಕೆ ಎನ್ನುವ ಗಾದೆ ಮಾಡಿದವನು ಯಾರೋ ಕಾಣೆ, ಬಹಳ ಜನಕ್ಕೆ ಅನುಕೂಲ ಮಾಡಿಕೊಟ್ಟಿದ್ದಾನೆ.

ಹಾಗೆಯೇ ಆನೇಕಲ್ ಕಡೆಯಿಂದ ಶುರುವಾಗಿ ರಾಜ್ಯದ ಉದ್ದಕ್ಕೂ ಜೀತದಾಳುಗಳನ್ನು ಗುರುತಿಸಿ, ಅವರದೇ ಸಂಘಟನೆ ಮಾಡಿದ "ಜೀವಿಕ", ಅಂದರೆ ಜೀತ ವಿಮುಕ್ತಿ ಕರ್ನಾಟಕದವರ ಕೆಲಸವನ್ನೂ ಇಲ್ಲಿ ನೆನೆಯಬೇಕು. ಜೀತದಿಂದ ಬಿಟ್ಟು ಬಂದವರೇ ಇನ್ನೊಬ್ಬರನ್ನು ಬಿಡಿಸಲು ಹೋಗುತ್ತಾರೆ. ಬಿಡುಗಡೆ ಆದವನ ಹೆಸರು ಕಾಗದದಲ್ಲಿ ಬರೋವರೆಗೂ ಕಚೇರಿಯ ಮೆಟ್ಟಿಲು ಹತ್ತಿ ಇಳಿಯುವ ಕೆಲಸ ಅದು, ಭಾಷಣದಷ್ಟು ಸುಲಭ ಅಲ್ಲ.

ಈಗ ನಮ್ಮ ಸಂಘದಲ್ಲಿ ನಡೆದದ್ದಕ್ಕೆ ಬರುತ್ತೇವೆ. ಮನೆಯವರ ಹೆಸರು, ಬೀದಿ ಹೇಳೋದಿಲ್ಲ. ಗೊತ್ತಿರುವವರು ಗೊತ್ತಿಲ್ಲದ ಹಾಗೇ ಇರಬೇಕೆಂದು ಕೈಮುಗಿದು ಕೇಳುತ್ತೇವೆ.

ಮೂರು ವರ್ಷದ ಹಿಂದಿನ ಮಾತು. ಒಬ್ಬ ಹೆಣ್ಣುಮಗಳು ಸದಸ್ಯೆ, ಗಂಡ ಇಲ್ಲ, ಎರಡು ಹಸು ಇತ್ತು. ಒಂದು ಹಸು ಕೆಚ್ಚಲು ಬಾವು ಬಂದು, ಆಮೇಲೆ ಸತ್ತೇ ಹೋಯಿತು, ಅದಕ್ಕೆ ವಿಮೆ ಇರಲಿಲ್ಲ. ಹಸು ಕೊಳ್ಳಲು ತೆಗೆದ ಸಾಲದ ವಾರದ ಕಂತು ನಿಲ್ಲಲಿಲ್ಲ. ಹಸು ಸತ್ತರೂ ಕಂತು ಸಾಯೋದಿಲ್ಲವಲ್ಲ. ಕಂತಿನವರು ಬಾಗಿಲಲ್ಲಿ ಕೂರುತ್ತಿದ್ದರು. ಆಗ ದೂರದ ನೆಂಟನೊಬ್ಬ ಬಂದು, ಬೆಂಗಳೂರಿನಲ್ಲಿ ಒಳ್ಳೆಯ ಮನೆ ಇದೆ, ಮಗು ಆಡಿಸಿಕೊಂಡು ಇದ್ದರೆ ಸಾಕು, ಓದನ್ನೂ ಅವರೇ ಓದಿಸುತ್ತಾರೆ ಎಂದು ಹೇಳಿ, ಇಪ್ಪತ್ತು ಸಾವಿರ ಕೈಗಿಟ್ಟು, ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ಕರೆದುಕೊಂಡು ಹೋದ.

ಇದು ಗೊತ್ತಾದದ್ದು ಹೇಗೆ? ಶಾಲೆಯಲ್ಲಿ ಗೈರುಹಾಜರಿ ಹಾಕಿಕೊಂಡು ಸುಮ್ಮನಿದ್ದರು. ಗೊತ್ತಾದದ್ದು ನಮ್ಮ ಹಾಲು ಅಳೆಯುವ ಹೆಣ್ಣುಮಗಳಿಗೆ. ದಿನಾ ಬೆಳಿಗ್ಗೆ ಆ ಮನೆಯ ಹಾಲು ತರುತ್ತಿದ್ದುದು ಹುಡುಗಿ. ಐದಾರು ದಿನದಿಂದ ಅವಳ ತಮ್ಮ, ಕ್ಯಾನು ಎತ್ತಲಾರದ ಪುಟ್ಟ ಹುಡುಗ, ಅರ್ಧ ಚೆಲ್ಲಿಕೊಂಡು ತರುತ್ತಿದ್ದ. "ಅಕ್ಕ ಎಲ್ಲೋ ಮಗಾ?" ಎಂದು ಕೇಳಿದರೆ, "ಬೆಂಗಳೂರು" ಎಂದ. "ಯಾವಾಗ ಬತ್ತಾಳೆ?" "ಗೊತ್ತಿಲ್ಲ." ಅಷ್ಟಕ್ಕೇ ಆಕೆ ಬಿಡಲಿಲ್ಲ. ಸಂಜೆ ಇಬ್ಬರು ಮಹಿಳಾ ನಿರ್ದೇಶಕರನ್ನು ಜೊತೆಗೆ ಕರೆದುಕೊಂಡು ಆ ಮನೆಗೆ ಹೋದರು. ತಾಯಿಯ ಹತ್ತಿರ ವಿಳಾಸ ಇರಲಿಲ್ಲ, ಒಂದು ಫೋನ್ ನಂಬರ್ ಇತ್ತು, ಅದು ಬಂದ್ ಆಗಿತ್ತು. ಆ ತಾಯಿ ಊಟ ಬಿಟ್ಟು ಮೂರು ದಿನ ಆಗಿತ್ತು, ಹೇಳಿದರೆ ಊರವರು ಮಗಳನ್ನು ಮಾರಿದಳು ಅನ್ನುತ್ತಾರೆ ಎಂದು ಬಾಯಿ ಬಿಟ್ಟಿರಲಿಲ್ಲ.

ಮಾರನೆಯ ದಿನ ಆಡಳಿತ ಮಂಡಳಿ ತುರ್ತಾಗಿ ಕೂತೆವು. ಅಲ್ಲಿ ಎರಡು ಅಭಿಪ್ರಾಯ ಬಂತು. ಹಿರಿಯ ನಿರ್ದೇಶಕರೊಬ್ಬರು, "ಇದು ಹಾಲಿನ ಸಂಘ ಕಣ್ರಯ್ಯ, ಪೊಲೀಸ್ ಠಾಣೆ ಅಲ್ಲ. ನಾಳೆ ಆಡಿಟ್‌ನವರು ಬಂದು ಇದ್ಯಾವ ಬಾಬ್ತು ಅಂದ್ರೆ ಏನು ಬರೀತೀರಿ?" ಎಂದರು. ಅವರದು ಕೆಟ್ಟ ಮಾತಲ್ಲ. ಸಂಘದ ಒಂದು ರೂಪಾಯಿಗೂ ಲೆಕ್ಕ ಬೇಕು, ಅವರ ಆ ಕಟ್ಟುನಿಟ್ಟಿನಿಂದಲೇ ಇಪ್ಪತ್ತೈದು ವರ್ಷ ಈ ಸಂಘಕ್ಕೆ ಒಂದು ಕಪ್ಪು ಚುಕ್ಕೆ ಬಂದಿಲ್ಲ. ಆದರೆ ಮಹಿಳಾ ನಿರ್ದೇಶಕರೊಬ್ಬರು ಕೇಳಿದ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. "ಕರ ಸತ್ತರೆ ನೋಡೋಕೆ ಹೋಗ್ತೀವಿ, ಹೆಣ್ಣುಮಗ ಕಾಣೆ ಆದ್ರೆ ಹೋಗಬಾರದಾ?" ಎಂದರು.

ಕೊನೆಗೆ ತೀರ್ಮಾನ ಆಯಿತು. ಸಂಘದ ಹಣ ಮುಟ್ಟುವುದು ಬೇಡ, ಓಡಾಟದ ಖರ್ಚು ನಿರ್ದೇಶಕರೇ ಹಾಕಿಕೊಳ್ಳೋಣ ಎಂದು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆವು. ತಾಯಿಯನ್ನು ಕರೆದುಕೊಂಡು ಠಾಣೆಗೆ ಹೋದೆವು. ಅಲ್ಲಿ ಮೊದಲಿಗೆ, ನೆಂಟರ ಜೊತೆ ಹೋಗಿದ್ದಾಳೆ, ಬರುತ್ತಾಳೆ ಬಿಡಿ, ಎರಡು ದಿನ ನೋಡಿ ಎಂಬ ಮಾತೇ ಬಂತು. ಕಾಣೆಯಾದ ಮಗುವಿನ ದೂರು ಬಂದ ಕೂಡಲೇ ಎಫ್‌ಐಆರ್ ಮಾಡಬೇಕೆಂದು 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸಹಾಯವಾಣಿಯವರು ಅದನ್ನು ನಮಗೆ ತಿಳಿಸಿದ್ದರಿಂದ ನಾವು ಗಟ್ಟಿಯಾಗಿ ಕೂತೆವು, ಹನ್ನೆರಡು ಜನ ಸದಸ್ಯರು ಠಾಣೆಯ ಮುಂದಿನ ಹುಣಸೆ ಮರದ ಕೆಳಗೆ ಕೂತರು. ಗಲಾಟೆ ಇಲ್ಲ, ಘೋಷಣೆ ಇಲ್ಲ. ಮಧ್ಯಾಹ್ನಕ್ಕೆ ದೂರು ದಾಖಲಾಯಿತು. ಆಮೇಲೆ ಪೊಲೀಸರೂ ಚೆನ್ನಾಗಿಯೇ ಕೆಲಸ ಮಾಡಿದರು, ಸುಳ್ಳು ಹೇಳಬಾರದು. ಹನ್ನೊಂದನೆಯ ದಿನಕ್ಕೆ ಹುಡುಗಿ ಸಿಕ್ಕಿದಳು. ಒಳ್ಳೆಯ ಮನೆ ಎಂದು ಹೇಳಿದ್ದು ಒಂದು ಮನೆಯಲ್ಲ, ಮೂರು ಮನೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಇನ್ನೊಂದರಲ್ಲಿ ಕೆಲಸ. ಸಂಬಳ ನೆಂಟನ ಕೈಗೆ. ಮಲಗುವುದು ಅಡುಗೆ ಮನೆಯಲ್ಲಿ. ಮುಂದೆ ಅವಳನ್ನು ಎಲ್ಲಿಗೆ ಕಳಿಸುವವರಿದ್ದರೋ ದೇವರಿಗೇ ಗೊತ್ತು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರು ಮಾಡಿ, ಸ್ವಲ್ಪ ದಿನದ ಮೇಲೆ ಮನೆಗೆ ಕಳಿಸಿದರು.

ಬಂದ ಮೇಲಿನ ಕಥೆಯೂ ಮುಖ್ಯ. ಹುಡುಗಿ ಸಿಕ್ಕಿದಳು ಎಂದು ಸಿಹಿ ಹಂಚಿ ಮನೆಗೆ ಹೋದರೆ ಕಂತು ಹಾಗೇ ಇದೆಯಲ್ಲ? ಅದೇ ಬಾಗಿಲಿಗೆ ಇನ್ನೊಬ್ಬ ನೆಂಟ ಬರುತ್ತಾನೆ. ಆಗ ಆಡಿಟ್ ಮಾತು ಎತ್ತಿದ ಆ ಹಿರಿಯರೇ ದಾರಿ ಹುಡುಕಿದರು. ಲಾಭದಲ್ಲಿ ಊರಿನ ಒಳಿತಿಗೆ ಎಂದು ಎತ್ತಿಡುವ ಹಣದಲ್ಲಿ ಒಂದು ಪಾಲು, ನಿರ್ಣಯ ಬರೆದು, ಆಪತ್ತಿನ ಕೈಸಾಲಕ್ಕೆ ಇಡುವುದು. ಬಡ್ಡಿ ಇಲ್ಲ, ಬಟವಾಡೆಯಲ್ಲಿ ಮುರಿದುಕೊಳ್ಳುವುದು, ಆದರೆ ಬಟವಾಡೆಯ ಕಾಲು ಭಾಗಕ್ಕಿಂತ ಹೆಚ್ಚು ಯಾವತ್ತೂ ಮುರಿಯಬಾರದು. ಈ ಕೊನೆಯ ಷರತ್ತು ಅವರದೇ. "ಪೂರ್ತಿ ಮುರ್ಕೊಂಡ್ರೆ ವರ್ತನೆಯವನಿಗೂ ನಮಗೂ ಏನು ವ್ಯತ್ಯಾಸ?" ಎಂದರು. ಮಹಾಸಭೆಯಲ್ಲಿ ನೀವೆಲ್ಲ ಕೈ ಎತ್ತಿ ಒಪ್ಪಿಗೆ ಕೊಟ್ಟಿರಿ. ಆ ತಾಯಿಯ ಸಾಲ ಹೋದ ವರ್ಷ ತೀರಿತು. ಹುಡುಗಿ ಪಿಯುಸಿ ಓದುತ್ತಿದ್ದಾಳೆ, ಅಷ್ಟು ಸಾಕು.

ಕಂತಿನ ವಿಷಯ ಬಂದದ್ದರಿಂದ ಒಂದು ಮಾತು. 2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಲ್ಲಿ ಕಿರುಸಾಲದವರ ಕಾಟ ತಡೆಯಲಾರದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟದ್ದನ್ನು ಓದಿದ್ದೀರಿ. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಆಮೇಲೆ ಅದು ಕಾಯ್ದೆಯೂ ಆಯಿತು. ಬಲವಂತದ ವಸೂಲಿ ಈಗ ಅಪರಾಧ. ಬೀಗ ಹಾಕಿ ಹೋದವರು ಎಲ್ಲಿಗೆ ಹೋಗುತ್ತಾರೆ? ಇಟ್ಟಿಗೆ ಗೂಡಿಗೆ, ತೋಟದ ಲೈನಿಗೆ, ಮುಂಗಡ ಕೊಡುವವನ ಹತ್ತಿರಕ್ಕೆ. ಒಂದು ಸಾಲದಿಂದ ಬಿಡಿಸಿಕೊಳ್ಳಲು ಇನ್ನೊಂದಕ್ಕೆ ತಲೆ ಕೊಡುವುದು. ದಲ್ಲಾಳಿಗೆ ಇದಕ್ಕಿಂತ ಒಳ್ಳೆಯ ಫಸಲು ಬೇರೆ ಇಲ್ಲ.

ಇಷ್ಟು ಹೊತ್ತು ನಮ್ಮೂರಿನಿಂದ ಹೋಗುವವರ ಮಾತಾಯಿತು. ನಮ್ಮೂರಿಗೆ ಬರುವವರ ಮಾತು ಆಡದೆ ಇದ್ದರೆ ಅದು ಅರ್ಧ ಭಾಷಣ. ಇದನ್ನು ಕೇಳಲು ಸ್ವಲ್ಪ ಕಷ್ಟ ಆಗಬಹುದು, ಯಾಕೆಂದರೆ ನಾವೆಲ್ಲ ಕಬ್ಬು ಬೆಳೆಯುವವರು, ಕೆಲವರು ಆಲೆಮನೆ ಇಟ್ಟವರು. ಕಬ್ಬು ಕಡಿಯಲು ಉತ್ತರದ ಜಿಲ್ಲೆಗಳಿಂದ ತಂಡ ಬರುತ್ತದೆ, ಆಲೆಮನೆಗೆ ಹೊರ ರಾಜ್ಯದಿಂದ ಆಳು ಬರುತ್ತಾರೆ. ಅವರಿಲ್ಲದಿದ್ದರೆ ನಮ್ಮ ಕಬ್ಬು ಹೂ ಬಿಟ್ಟು ಒಣಗುತ್ತದೆ. ಮುಂಗಡ ಕೊಡದೆ ತಂಡ ಬರುವುದಿಲ್ಲ. ಹಾಗಾದರೆ ಮುಂಗಡ ಕೊಟ್ಟವರೆಲ್ಲ ಕಳ್ಳರೇ? ಅಲ್ಲ. ಮುಂಗಡ ಕೊಡುವುದು ತಪ್ಪಲ್ಲ, ಅದನ್ನು ಹಗ್ಗ ಮಾಡಿಕೊಳ್ಳುವುದು ತಪ್ಪು.

ಒಂದು ಲೆಕ್ಕ ಇಟ್ಟುಕೊಳ್ಳಿ. ಗಂಡ ಹೆಂಡತಿ ಒಂದು ಜೋಡಿ. ಊರಿನಲ್ಲಿ ಮಳೆ ಇಲ್ಲದ ಹೊತ್ತಿನಲ್ಲಿ ಮೇಸ್ತ್ರಿಯ ಹತ್ತಿರ ಅರವತ್ತು ಸಾವಿರ ತಗೊಂಡರು ಎನ್ನಿ. ಟನ್ನಿಗೆ ಇಷ್ಟು ಎಂದು ಅದರಲ್ಲಿ ಮುರಿಯುತ್ತದೆ. ಮಳೆ ಬಂದ ದಿನ ಕೆಲಸ ಇಲ್ಲ, ಜ್ವರ ಬಂದ ದಿನ ಇಲ್ಲ, ಗಾಡಿ ಬಾರದ ದಿನ ಇಲ್ಲ. ಆದರೆ ಅಂಗಡಿ ಸಾಮಾನಿನ ಬಾಕಿ ಅಷ್ಟೂ ದಿನ ಏರುತ್ತದೆ. ಹಂಗಾಮು ಮುಗಿದಾಗ ಹದಿನೈದು ಸಾವಿರ ಉಳಿಯಿತು ಎನ್ನುತ್ತಾನೆ. ಪುಸ್ತಕ ಮೇಸ್ತ್ರಿಯ ಹತ್ತಿರ, ಓದಲು ಬರುವವರು ಯಾರೂ ಇಲ್ಲ. ಆ ಹದಿನೈದು ಮುಂದಿನ ವರ್ಷಕ್ಕೆ ಜಾರುತ್ತದೆ, ಜೊತೆಗೆ ಹೊಸ ಮುಂಗಡ. ನಮ್ಮ ವರ್ತನೆಯವನ ಯುಗಾದಿ ಲೆಕ್ಕ ನೆನಪಾಯಿತೇ? ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದೂ ಬಲವಂತದ ದುಡಿಮೆಯೇ ಎಂದು 1982ರಲ್ಲಿ ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕೂಲಿಗಳ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಕಬ್ಬಿಣದ ಸರಪಳಿಯೇ ಇರಬೇಕು ಎಂದಿಲ್ಲ.

ಎರಡು ವರ್ಷದ ಹಿಂದೆ ಊರಾಚೆ ಗುಡಿಸಲು ಹಾಕಿದ್ದ ತಂಡದ ನಾಲ್ಕು ಮಕ್ಕಳನ್ನು ನಮ್ಮ ಮಹಿಳಾ ಸದಸ್ಯರು ಅಂಗನವಾಡಿಗೆ ಸೇರಿಸಿದರು. ದಿನಾ ಸಂಜೆ ಆ ಮಕ್ಕಳು ಡೈರಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದವು, ಅರ್ಧ ಲೀಟರ್ ಹಾಲು ಯಾರ ಲೆಕ್ಕಕ್ಕೋ ಹೋಗುತ್ತಿತ್ತು. ಒಂದು ದಿನ ಅವರಲ್ಲೊಬ್ಬ ತಾಯಿ, ಬಾಣಂತನಕ್ಕೆ ಊರಿಗೆ ಹೋಗಬೇಕು, ಮೇಸ್ತ್ರಿ ಬಿಡುತ್ತಿಲ್ಲ, ಫೋನೂ ಕಿತ್ತಿಟ್ಟುಕೊಂಡಿದ್ದಾನೆ ಎಂದು ನಮ್ಮ ಸದಸ್ಯೆಯ ಹತ್ತಿರ ಅತ್ತಳು. ಬರೆದುಕೊಂಡು ಹೋಗಿ ಒಂದು ಕಚೇರಿಗೆ ಅರ್ಜಿ ಕೊಟ್ಟೆವು. ಅಲ್ಲಿಂದ ಇನ್ನೊಂದು ಕಚೇರಿಗೆ ಹೋಗಿ ಎಂದರು. ಸಾಹೇಬರು ಸ್ಥಳಕ್ಕೆ ಬರುವ ಹೊತ್ತಿಗೆ ಐದು ದಿನ ಆಗಿತ್ತು. ಅದರ ಹಿಂದಿನ ರಾತ್ರಿಯೇ ಗುಡಿಸಲು ಖಾಲಿ. ಟ್ರಾಕ್ಟರಿನಲ್ಲಿ ಎಲ್ಲರನ್ನೂ ತುಂಬಿಕೊಂಡು ಹೋಗಿದ್ದರು, ಎಲ್ಲಿಗೆಂದು ಇವತ್ತಿನವರೆಗೂ ತಿಳಿಯಲಿಲ್ಲ. ಅಂಗನವಾಡಿ ಪುಸ್ತಕದಲ್ಲಿ ಆ ನಾಲ್ಕು ಹೆಸರು ಹಾಗೇ ಇವೆ. ಮೇಡಮ್ಮು ಗೀಟು ಎಳೆದಿಲ್ಲ.

ಆಗ ಗೊತ್ತಿರಬೇಕಾದದ್ದು ಇಷ್ಟು, ಎಲ್ಲರೂ ತಿಳಿದುಕೊಂಡಿರಿ. ಜೀತದ ದೂರು ಹೋಗಬೇಕಾದ್ದು ನೇರವಾಗಿ ಉಪವಿಭಾಗಾಧಿಕಾರಿಗಳಿಗೆ, ನಾವು ಎ.ಸಿ. ಸಾಹೇಬರು ಎನ್ನುತ್ತೇವಲ್ಲ ಅವರಿಗೆ, ಅಥವಾ ಜಿಲ್ಲಾಧಿಕಾರಿಗಳಿಗೆ. ಬಿಡುಗಡೆ ಪತ್ರ ಕೊಡುವ ಅಧಿಕಾರ ಅವರದು. ಆ ಪತ್ರ ಕೈಗೆ ಬಂದರೆ ಜೀತದ ಸಾಲ ಪೂರ್ತಿ ರದ್ದು, ಒಂದು ಪೈಸೆ ಕೊಡಬೇಕಾಗಿಲ್ಲ. ಇದು ಜೀತದ ಸಾಲ ಅಲ್ಲ ಎಂದು ತೋರಿಸಬೇಕಾದ್ದು ಸಾಲ ಕೊಟ್ಟವನು, ತಗೊಂಡವನಲ್ಲ. 2016ರಲ್ಲಿ ಬಂದು 2022ರಲ್ಲಿ ಪರಿಷ್ಕಾರವಾದ ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣಕ್ಕೆ 30,000 ರೂಪಾಯಿವರೆಗೆ ಕೊಡುತ್ತಾರೆ. ಕೇಸು ತೀರ್ಮಾನ ಆದ ಮೇಲೆ ಗಂಡಸರಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ, ತೀರಾ ಘೋರವಾಗಿ ನಡೆಸಿಕೊಂಡಿದ್ದರೆ 3 ಲಕ್ಷ. ಕಾಯ್ದೆ ಒಳ್ಳೆಯದೇ ಇದೆ. ಆದರೆ ಜೀತ ಇಟ್ಟುಕೊಂಡವನಿಗೆ ಆ 1976ರ ಕಾಯ್ದೆಯಲ್ಲಿ ದಂಡ ಹೆಚ್ಚೆಂದರೆ ಎರಡು ಸಾವಿರ, ಸಜೆ ಮೂರು ವರ್ಷದವರೆಗೆ. ಎರಡು ಸಾವಿರಕ್ಕೆ ಈಗ ಒಂದು ಒಳ್ಳೆಯ ಟಗರಿನ ಕಾಲೂ ಬರೋದಿಲ್ಲ. ಅದನ್ನು ಮೇಲಿನವರು ಯೋಚನೆ ಮಾಡಬೇಕು.

ಮದುವೆಯ ವಿಷಯ ಮುಟ್ಟದೆ ಬಿಡೋಣ ಎಂದುಕೊಂಡಿದ್ದೆವು, ಆದರೆ ತಾಯಂದಿರು ಇಷ್ಟು ಜನ ಕೂತಿರುವಾಗ ಹೇಳದೆ ಹೋದರೆ ತಪ್ಪಾಗುತ್ತದೆ. ನಮ್ಮ ಕಡೆ ಬೇಸಾಯಗಾರ ಗಂಡಿಗೆ ಹೆಣ್ಣು ಸಿಗುತ್ತಿಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹುಡುಗರು ಹೆಣ್ಣು ಕೊಡಿಸಪ್ಪಾ ಎಂದು ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆ ಹೋದರು. ರಾಜ್ಯವೆಲ್ಲ ನಕ್ಕಿತು. ಅದೇ ವರ್ಷ ನವೆಂಬರ್‌ನಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು, ಹೆಣ್ಣು ಭ್ರೂಣ ಗುರುತಿಸಿ ತೆಗೆಸುತ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ! ಹೊಟ್ಟೆಯಲ್ಲೇ ಹೆಣ್ಣನ್ನು ತೆಗೆಸಿ, ಇಪ್ಪತ್ತೈದು ವರ್ಷದ ಮೇಲೆ ಹೆಣ್ಣಿಲ್ಲ ಎಂದು ಬೆಟ್ಟ ಹತ್ತಿದರೆ ಮಾದಪ್ಪ ಎಲ್ಲಿಂದ ತಂದುಕೊಡುತ್ತಾನೆ?

ಈ ಬರದಲ್ಲಿ ದಲ್ಲಾಳಿಗಳು ಹುಟ್ಟಿಕೊಂಡಿದ್ದಾರೆ. ಇಷ್ಟು ಲಕ್ಷ ಕೊಡಿ, ದೂರದ ಊರಿನ ಬಡವರ ಹೆಣ್ಣು ಕೊಡಿಸುತ್ತೇವೆ ಎನ್ನುತ್ತಾರೆ. ಕೆಲವು ಕಡೆ ಅದು ಬರೀ ಮೋಸ, ಮದುವೆ ಆದ ವಾರಕ್ಕೆ ಒಡವೆ ಸಮೇತ ನಾಪತ್ತೆ. ಇನ್ನು ಕೆಲವು ಕಡೆ ಬಂದ ಹುಡುಗಿಯೇ ಮೋಸಕ್ಕೆ ಸಿಕ್ಕವಳು. ಅವಳಿಗೆ ಎಲ್ಲಿಗೆ ಬಂದಿದ್ದೇನೆ ಎಂದೇ ಗೊತ್ತಿರುವುದಿಲ್ಲ. ಅತ್ತೆಯಾಗುವ ತಾಯಂದಿರು ಮೂರು ವಿಷಯ ನೋಡಬೇಕು. ಹುಡುಗಿಗೆ ಹದಿನೆಂಟು ತುಂಬಿದೆಯೇ ಎಂಬ ದಾಖಲೆ, ಅವಳ ಊರಿಗೆ ನಾವೇ ಹೋಗಿ ಅಪ್ಪ ಅವ್ವನನ್ನು ಕಾಣುವುದು, ದಲ್ಲಾಳಿ ಇಲ್ಲದ ಹೊತ್ತಿನಲ್ಲಿ ಅವಳ ಬಾಯಿಂದಲೇ ಒಪ್ಪಿಗೆ ಕೇಳುವುದು. ಹದಿನೆಂಟಕ್ಕೆ ಒಂದು ದಿನ ಕಡಿಮೆ ಇದ್ದರೂ ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಆ ಮದುವೆ ಮೊದಲಿನಿಂದಲೇ ಅಸಿಂಧು. ದುಡ್ಡು ಕೊಟ್ಟು ತಂದದ್ದು ಹಸುವಾದರೂ ಹಲ್ಲು ನೋಡಿ, ಸುಳಿ ನೋಡಿ, ಯಾರ ಕೊಟ್ಟಿಗೆಯದು ಎಂದು ವಿಚಾರಿಸುತ್ತೇವೆ. ಸೊಸೆಯ ಊರು ಯಾವುದು ಎಂದು ವಿಚಾರಿಸದೆ ಹೇಗೆ ತರುತ್ತೀರಿ?

ಇನ್ನು ಆಡಳಿತ ಮಂಡಳಿಯ ಪರವಾಗಿ ಕೆಲವು ಸಲಹೆ ಇಡುತ್ತೇವೆ. ಹಾಲು ತರುವ ಮನೆಯವರು ಮೂರು ದಿನ ಬಾರದಿದ್ದರೆ, ಅಥವಾ ತರುವ ಮಗು ಬದಲಾದರೆ, ಅಳೆಯುವವರು ಮಹಿಳಾ ನಿರ್ದೇಶಕರಿಗೆ ಒಂದು ಮಾತು ಹೇಳಬೇಕು. ಹೋಗಿ ವಿಚಾರಿಸುವುದು, ಅಷ್ಟೇ, ತನಿಖೆ ಅಲ್ಲ, ಚಾಡಿ ಅಲ್ಲ. ಊರಿನಿಂದ ಕೆಲಸಕ್ಕೆ ಹೊರಗೆ ಹೋಗುವವರು, ಯಾರ ಜೊತೆ, ಎಲ್ಲಿಗೆ, ಯಾವ ನಂಬರ್ ಎಂದು ಬರೆದಿಡಲು ಒಂದು ಪುಸ್ತಕ ಸಂಘದ ಕಪಾಟಿನಲ್ಲಿ ಇರಲಿ, ಬರೆಸುವುದು ಅವರವರ ಇಷ್ಟ. ಕಬ್ಬಿಗೆ, ಆಲೆಮನೆಗೆ ತಂಡ ಕರೆಸುವ ಸದಸ್ಯರು ಮುಂಗಡದ ಲೆಕ್ಕವನ್ನು ಎರಡು ಪುಸ್ತಕದಲ್ಲಿ ಬರೆಯಬೇಕು, ಒಂದು ಕೂಲಿಯವರ ಕೈಯಲ್ಲಿ ಇರಬೇಕು. ಮಕ್ಕಳಿದ್ದರೆ ಮಾರನೆಯ ದಿನವೇ ಶಾಲೆಗೆ, ಅಂಗನವಾಡಿಗೆ ತಿಳಿಸಬೇಕು. ಇದಕ್ಕೆ ಕೆಲವು ಸದಸ್ಯರ ವಿರೋಧ ಇದೆ, ಹೀಗೆ ಮಾಡಿದರೆ ತಂಡದವರು ಪಕ್ಕದೂರಿಗೆ ಹೋಗುತ್ತಾರೆ ಎಂದು. ಹೋಗಬಹುದು. ಆದ್ದರಿಂದ ಪಕ್ಕದ ಎರಡು ಸಂಘದವರ ಜೊತೆಯೂ ಮಾತು ಶುರು ಮಾಡಿದ್ದೇವೆ, ಒಂದು ಸಂಘದವರು ಒಪ್ಪಿದ್ದಾರೆ, ಇನ್ನೊಂದರವರು ನೋಡೋಣ ಎಂದಿದ್ದಾರೆ.

1098, ತುರ್ತಿಗೆ 112, ಹೆಣ್ಣುಮಕ್ಕಳಿಗೆ 181, ಉಚಿತ ಕಾನೂನು ನೆರವಿಗೆ 15100. ಈ ನಾಲ್ಕು ನಂಬರನ್ನು ಜಿಡ್ಡಿನ ರೇಟು ಬರೆಯುವ ಹಲಗೆಯ ಕೆಳಗೆ ಬಣ್ಣದಲ್ಲಿ ಬರೆಸಿದ್ದೇವೆ. ರೇಟು ನೋಡದೆ ಯಾರೂ ಹೋಗುವುದಿಲ್ಲ ಎಂದು ಗೊತ್ತಿದ್ದೇ ಅಲ್ಲಿ ಬರೆಸಿದ್ದು.

ಈ ಸಲಹೆಗಳು ಬರುವ ಮಹಾಸಭೆಯ ಸೂಚನಾ ಪತ್ರದಲ್ಲಿ ಇರುತ್ತವೆ. ಒಪ್ಪುವವರು, ಒಪ್ಪದವರು ಇಬ್ಬರೂ ಬಂದು ಮಾತಾಡಿ. ಕರೆಂಟು ಹೋಗುವ ಮುಂಚೆ ಊಟ ಬಡಿಸಬೇಕೆಂದು ಅಡುಗೆಯವರು ಸನ್ನೆ ಮಾಡುತ್ತಿದ್ದಾರೆ, ಸಂಜೆ ಹಾಲಿನ ಹೊತ್ತೂ ಹತ್ತಿರ ಬಂತು. ಇವತ್ತು ಹಬ್ಬ ಎಂದು ಹಾಲಿನ ಗಾಡಿ ತಡವಾಗಿ ಬರುವುದಿಲ್ಲ, ಐದೂವರೆಗೆ ಬರುತ್ತದೆ.